ಸೆರಾಫಿನ್‌ಗೆ ಡಾಕ್ಟರು ಬರೆದ ಮಾತು

ಮಾರ್ಚ್ 3, 1925. ಮಂಗಳವಾರ

ಬೆಳಿಗ್ಗೆ ಸೆರಾಫಿನ್‌ಗೆ ಕ್ಷೌರ ಮಾಡಿದೆ. ಗಲ್ಲದ ಕೆಳಗೆ ಕತ್ತಿ ಆಡಿಸುವಾಗ ಮಾತ್ರ ಕಷ್ಟ. ಕುತ್ತಿಗೆಯ ಗಡ್ಡೆ ಈ ಚಳಿಗಾಲದಲ್ಲಿ ಇನ್ನಷ್ಟು ಊದಿದೆ. ಅಲ್ಲಾಡದೆ ಕೂತಿದ್ದ. ಮುಗಿದ ಮೇಲೆ ಎಂದಿನಂತೆ ನನ್ನ ಗಲ್ಲ ಸವರಿ ನೋಡಿದ, ನನಗೂ ಆಯಿತೇ ಅಂತ. ನನ್ನ ತಮ್ಮ. ಐವತ್ತು ಹತ್ತಿರ ಬಂತು, ಎತ್ತರ ನನ್ನ ಭುಜದಷ್ಟು.

ಆಮೇಲೆ ಆಡುಗಳ ಹತ್ತಿರ ಹೋದ. ಅವನ ಕೆಲಸ ಅದೊಂದೇ, ಆದರೆ ಅದರಲ್ಲಿ ತಪ್ಪುವವನಲ್ಲ. ಆಡುಗಳಿಗೆ ಉಪ್ಪು ನೆಕ್ಕಿಸುವ ಚರ್ಮದ ಚೀಲ ಎತ್ತಿಕೊಂಡು ‘ಉಪ್ಪು’ ಅಂದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಾನೆ. ಕಿವಿ ಮಂದ. ಆ ಮಾತು ಮಾತ್ರ ಹೇಗೋ ಕೇಳಿಸುತ್ತದೆ. ಅವನಿಗೆ ಬರುವ ಬೆರಳೆಣಿಕೆಯ ಮಾತುಗಳಲ್ಲಿ ಉಪ್ಪು ಒಂದು, ನಾನೊಂದು. ಲುಡಿವೀನ್ ಎನ್ನಲು ನಾಲಿಗೆ ಹೊರಳದು. ‘ವೀ’ ಎನ್ನುತ್ತಾನೆ.

ಸೌದೆ ಮುಗಿಯುತ್ತಾ ಬಂತು. ಅಳಿಯ ರೆಮಿಗೆ ಹೇಳಬೇಕು.

ಮಾರ್ಚ್ 8, ಭಾನುವಾರ

ಚರ್ಚಿನಿಂದ ಬರುವಾಗ ಗಾಳಿ ಎಂದರೆ ಗಾಳಿ. ದಾರಿಯಲ್ಲಿ ಒಂದು ಕ್ರೆತ್ಯಾಂ ಇಲ್ಲ — ಕ್ರೈಸ್ತ ಎನ್ನುವ ಮಾತು, ನಮ್ಮಲ್ಲಿ ಮನುಷ್ಯ ಎನ್ನಲೂ ಅದೇ — ಒಂದು ನಾಯಿ ಇಲ್ಲ. ಮನೆಗೆ ಬಂದರೆ ಬೀಗಿತ್ತಿ ಅಲ್ಫೋನ್ಸಿನ್ ಆಗಲೇ ಒಲೆಯ ಪಕ್ಕ ಕೂತಿದ್ದಾಳೆ. ಆಕೆಯನ್ನು ಕಂಡರೆ ಗಾಳಿಯೇ ದಾರಿ ಬಿಡುತ್ತದೋ ಏನೋ.

ಕ್ಲೆಮಾನ್ಸ್‌ಗೆ ಮೂರು ತಿಂಗಳಂತೆ. ನನಗೆ ಮೊದಲೇ ಗೊತ್ತಿತ್ತು — ಕಾಫಿ ವಾಸನೆಗೆ ಮುಖ ತಿರುಗಿಸುತ್ತಿದ್ದಳು. ಹೋದ ಸಲದ ಮಗು ಉಸಿರೇ ಎಳೆಯಲಿಲ್ಲ. ಈ ಸಲ ಯಾರೂ ಗಟ್ಟಿಯಾಗಿ ಸಂತೋಷಪಡುತ್ತಿಲ್ಲ. ಕ್ಲೆಮಾನ್ಸ್ ನನ್ನ ತೀರಿಹೋದ ತಂಗಿಯ ಮಗಳು, ರೆಮಿಯ ಹೆಂಡತಿ. ಸಾಕಿದ್ದು ನಾನು, ಹೆಗಲ ಮೇಲೆ ಹೊತ್ತು ಊರೆಲ್ಲ ತಿರುಗಿಸಿದ್ದು ಸೆರಾಫಿನ್.

ಸೂಪಿಗೆ ಕೂತಿದ್ದೆವು. ಸೆರಾಫಿನ್ ಒಳಗೆ ಬಂದ. ಅಲ್ಫೋನ್ಸಿನ್ ಸೊಸೆಗೆ ಕಣ್ಸನ್ನೆ ಮಾಡಿದಳು. ಕ್ಲೆಮಾನ್ಸ್ ಏಪ್ರನ್ನಿನ ಅಂಚು ಎಳೆದು ಹೊಟ್ಟೆ ಮುಚ್ಚಿಕೊಂಡಳು. ಇಂಥವರು ಎದುರಾದರೆ ನಮ್ಮ ಕಣಿವೆಯ ಬಸುರಿಯರು ಹಾಗೆ ಮಾಡುವುದು ಹಳೆಯ ಪದ್ಧತಿ. ಹೊಟ್ಟೆಯೊಳಗಿನದು ನೋಡಬಾರದಂತೆ, ನೋಡಿದರೆ ಅದೂ ಹಾಗೇ ಆಗುತ್ತದಂತೆ. ಬೀದಿಯಲ್ಲಿ ಎಷ್ಟು ಜನ ಮಾಡಿದ್ದು ಕಂಡು ಸುಮ್ಮನಿದ್ದೇನೆ. ನನ್ನ ಅಡುಗೆಮನೆಯಲ್ಲಿ ಕಂಡಿರಲಿಲ್ಲ.

ಸೆರಾಫಿನ್ ಆಟ ಅಂದುಕೊಂಡ. ತನ್ನ ಅಂಗಿಯ ಅಂಚು ಎಳೆದು ತಾನೂ ಹೊಟ್ಟೆ ಮುಚ್ಚಿಕೊಂಡು ನಕ್ಕ. ಯಾರೂ ನಗಲಿಲ್ಲ. ರೆಮಿ ರೊಟ್ಟಿ ಕೊಯ್ಯುತ್ತಲೇ ಇದ್ದ. ಹೆಂಡತಿಗೂ ತಾಯಿಗೂ ನಡುವೆ ಕೂತ ಗಂಡಸು ಮತ್ತೇನು ಮಾಡಿಯಾನು.

ಮಾರ್ಚ್ 13

ಅಲ್ಫೋನ್ಸಿನ್ ಮತ್ತೆ ಬಂದಿದ್ದಳು. ಕೆಳಗೆ ರೋನ್ ನದಿಯ ಪಕ್ಕ ಮಠದ ಸಿಸ್ಟರ್‌ಗಳು ಮನೆ ನಡೆಸುತ್ತಾರಂತೆ, ಇಂಥವರಿಗೆಂದೇ. ಬಿಸಿ ಊಟ, ಬಿಳಿ ಹಾಸಿಗೆ. ಹೆರಿಗೆಯಾಗುವವರೆಗೆ ಬಿಟ್ಟರಾಯಿತು ಅಂದಳು. ಆಮೇಲೆ ಏನು ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸಿಟ್ಟು ಬಂತು. ಜೂನ್‌ನಲ್ಲಿ ಹಸುಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆಯುವ ದಿನ ಊರೆಲ್ಲ ಇವನ ಮುಂದೆ ಸಾಲುಗಟ್ಟುತ್ತದೆ. ಮುಗ್ಧನ ಕೈಯಿಂದ ಉಪ್ಪು ತಿಂದ ಹಸು ಕಾಲು ಜಾರಿ ಬೀಳುವುದಿಲ್ಲ ಎಂಬ ನಂಬಿಕೆ. ಸಾಲಿನಲ್ಲಿ ಮೊದಲು ನಿಲ್ಲುವವಳು ಇವಳೇ.

“ದನಕ್ಕೆ ಇವನ ಕೈ ಶುಭ, ಹೆಂಗಸಿಗೆ ಇವನ ಮುಖ ಅಶುಭ. ಇದು ಯಾವೂರ ನ್ಯಾಯ ಬೀಗಿತ್ತಿ?” ಅಂದೆ.

“ದನ ಹೋದ್ರೆ ಇನ್ನೊಂದು ತರಬಹುದು. ಆ ಹುಡುಗಿ ಇನ್ನೊಂದು ಮಗೂನ ಮಣ್ಣಿಗಿಟ್ರೆ ಅವಳೂ ಉಳಿಯಲ್ಲ. ಸಾಕಿದೋಳು ನೀನು. ಯೋಚ್ನೆ ಮಾಡು.”

ಯೋಚನೆ ಮಾಡಿದೆ. ಅವಳು ಹೇಳಿದ್ದು ಸುಳ್ಳಲ್ಲ ಅನ್ನುವುದೇ ಹೊಟ್ಟೆಗೆ ಸೇರುತ್ತಿಲ್ಲ.

ಮಾರ್ಚ್ 19, ಸಂತ ಜೋಸೆಫ್ ಹಬ್ಬ

ಡಾಕ್ಟರ್ ಬೆಸ್ಸೆ ಮೇಲೆ ಬಂದಿದ್ದರು. ಹೇಸರಗತ್ತೆಯಿಂದ ಇಳಿದವರಿಗೆ ಒಂದು ಲೋಟ ವೈನ್ ಕೊಟ್ಟೆ. ಸೆರಾಫಿನ್‌ನ ಕಣ್ಣು, ನಾಲಿಗೆ, ಕುತ್ತಿಗೆ ನೋಡಿದರು. ಅವನೂ ಅವರ ಗಡಿಯಾರದ ಸರಪಳಿ ನೋಡಿದ. ಇಬ್ಬರಿಗೂ ತೃಪ್ತಿ.

ಸಿಸ್ಟರ್‌ಗಳ ಮನೆಗೆ ಡಾಕ್ಟರ ಕಾಗದ ಬೇಕು; ನನಗೆ ವಯಸ್ಸಾಯಿತು, ನೋಡಿಕೊಳ್ಳಲಾಗದು ಅಂದೆ. ಬರೆದರು. ಶಾಲೆಗೆ ಎರಡು ಚಳಿಗಾಲವಷ್ಟೇ ಹೋದವಳು ನಾನು, ಉಳಿದದ್ದು ಪಂಚಾಂಗ ಓದಿ ಕಲಿತದ್ದು. ತಲೆಕೆಳಗಾದರೂ ಅಕ್ಷರ ಗುರುತು ಸಿಗುತ್ತದೆ. ಅವನ ಹೆಸರಿನ ಮುಂದೆ ಬರೆದದ್ದು: ಕ್ರೆತಾಂ.

“ಆ ಮಾತು ಬೇಡ ಡಾಕ್ಟ್ರೇ. ಊರ ಪುಂಡರು ಹಿಮದ ಉಂಡೆ ಎಸೆಯುವಾಗ ಕೂಗೋ ಮಾತು ಅದು.”

ಇದು ಬೈಗುಳವಲ್ಲ, ಕಾಯಿಲೆಯ ಹೆಸರು, ಪ್ಯಾರಿಸ್ಸಿನ ಡಾಕ್ಟರೂ ವಿಯೆನ್ನಾದ ಡಾಕ್ಟರೂ ಇದನ್ನೇ ಬರೆಯುತ್ತಾರೆ ಅಂದರು. ಹಾಗಂದರೆ ಅರ್ಥ ಏನು ಎಂದು ಕೇಳಿದೆ. ಪೆನ್ನು ನಿಂತಿತು.

“ಲಕ್ಷಣ ಕೇಳಿದ್ರೆ ಹೇಳ್ತೀನಿ, ಔಷಧಿ ಕೇಳಿದ್ರೆ ಇಲ್ಲ ಅಂತೀನಿ. ಅರ್ಥ ಕೇಳಿದೋರು ನೀವೇ ಮೊದಲು. ಗೊತ್ತಿಲ್ಲಮ್ಮ. ತಿಳ್ಕೊಂಡು ಬರ್ತೀನಿ.”

ಒಳ್ಳೆಯ ಮನುಷ್ಯ. ಗೊತ್ತಿಲ್ಲ ಅನ್ನಬಲ್ಲ.

ಮಾತಿಗೆ ಜಗಳವಾಡಿದೆ. ಕಾಗದಕ್ಕೆ ಸಹಿ ಹಾಕಿದೆ.

ಮಾರ್ಚ್ 24, ಮಧ್ಯಾಹ್ನ, ಸ್ಟೇಷನ್ನಿನಲ್ಲಿ

ಮನೆಗೆ ಮರಳುವ ರೈಲು ತಡ. ಕೂತು ಬರೆಯುತ್ತಿದ್ದೇನೆ, ಕೈಗೆ ಬೇರೆ ಕೆಲಸವಿಲ್ಲ.

ಬೆಳಿಗ್ಗೆ ಅವನು ಹೊರಡಲೊಲ್ಲ. ಹಬ್ಬದ ಕೋಟು ಹಾಕಿದ್ದು ಕಂಡು ಏನೋ ಅನುಮಾನ. ಬಾಗಿಲ ಚೌಕಟ್ಟು ಹಿಡಿದುಕೊಂಡ. ರೆಮಿ ಎಳೆಯಲು ಹೋದ, ಬೇಡ ಅಂದೆ. ಒಳಗೆ ಹೋಗಿ ಚೀಲಕ್ಕೆ ಉಪ್ಪು ತುಂಬಿ ಅವನ ಕುತ್ತಿಗೆಗೆ ಹಾಕಿದೆ. ‘ಉಪ್ಪು’ ಅಂದೆ. ಅಷ್ಟೇ. ಮುಖ ಅರಳಿತು. ಮುಂದೆ ಮುಂದೆ ನಡೆದ, ಇಡೀ ಇಳಿಜಾರು. ತಿರುವು ಬಂದಲ್ಲೆಲ್ಲ ನಿಂತು ನಾನು ಬರುತ್ತಿದ್ದೇನೆಯೇ ನೋಡಿ, ಮತ್ತೆ ಓಟ.

ಸಿಸ್ಟರ್‌ಗಳ ಅಂಗಳದಲ್ಲಿ ಆಡು ಹುಡುಕಿದ. ಕಟ್ಟಿಗೆ ಮನೆಯ ಹಿಂದೆ ನೋಡಿದ, ಬಾವಿಯ ಹಿಂದೆ ನೋಡಿದ. ಆಡು ಇಲ್ಲ. ನನ್ನ ಕಡೆ ನೋಡಿದ. ಕೊನೆಗೆ ಅಂಗೈ ಮೇಲೆ ಉಪ್ಪು ಸುರಿದುಕೊಂಡು ಸಿಸ್ಟರ್ ಮಾರ್ಥಾ ಮುಂದೆ ಹಿಡಿದ, ಇವರಾದರೂ ತಿನ್ನಲಿ ಅಂತ. ಅವರು ನಗುತ್ತಾ ಒಂದು ಹರಳು ಬಾಯಿಗೆ ಹಾಕಿಕೊಂಡರು.

ಅಷ್ಟರಲ್ಲಿ ನೀವು ಅಡುಗೆಮನೆ ಬಾಗಿಲಿಂದ ಹೊರಟುಬಿಡಿ, ಹೋಗುತ್ತೇನೆ ಅಂದರೆ ರಂಪವಾಗುತ್ತದೆ ಅಂದರು ಇನ್ನೊಬ್ಬ ಸಿಸ್ಟರ್. ಹೊರಟೆ. ಹಿಂದಿನಿಂದ ‘ವೀ’ ಅನ್ನುವುದು ಕೇಳಿಸಿತು. ಕರೆದದ್ದಲ್ಲ, ಸುಮ್ಮನೆ ಅಂದದ್ದು. ನಾನು ಅಲ್ಲೇ ಇದ್ದೇನೆ ಎಂದುಕೊಂಡು.

ರೈಲು ಬಂತು

ಮಾರ್ಚ್ 27

ನಿದ್ದೆ ಚೆನ್ನಾಗಿ ಬರುತ್ತಿದೆ. ಬರೆದಿಡುತ್ತೇನೆ, ಯಾರಿಗೂ ಹೇಳಲಾಗದ್ದು ಇದೊಂದೇ. ಎಷ್ಟೋ ವರ್ಷಗಳಿಂದ ಅವನ ಕೆಮ್ಮಿಗೆ ಒಂದು ಕಿವಿ ತೆರೆದಿಟ್ಟೇ ಮಲಗುತ್ತಿದ್ದೆ. ಈಗ ಎರಡೂ ಮುಚ್ಚುತ್ತವೆ. ಒದ್ದೆ ಬಟ್ಟೆ ಒಗೆಯುವುದಿಲ್ಲ. ಮಾಂಸ ಸಣ್ಣಗೆ ಹೆಚ್ಚುವುದಿಲ್ಲ. ಕ್ಲೆಮಾನ್ಸ್ ಗುನುಗುತ್ತಾಳೆ. ಮನೆ ಹಗುರವಾಗಿದೆ.

ಅದೇ ಪಾಪ.

ಏಪ್ರಿಲ್ 11, ಈಸ್ಟರ್ ಹಿಂದಿನ ಶನಿವಾರ

ಪಾಪನಿವೇದನೆಗೆ ಹೋದೆ. ತಮ್ಮನಿಗೆ ಸುಳ್ಳು ಹೇಳಿ ಕರೆದೊಯ್ದೆ, ಹೇಳದೆ ಬಿಟ್ಟು ಬಂದೆ, ಈಗ ಆರಾಮಾಗಿದ್ದೇನೆ — ಮೂರನ್ನೂ ಹೇಳಿದೆ. ಜಾಲರಿಯ ಆಚೆ ಪಾದ್ರಿಗಳು ನಿಟ್ಟುಸಿರಿಟ್ಟರು. ಒಳ್ಳೆಯದಕ್ಕೇ ಮಾಡಿದೆಯಮ್ಮ, ಅವನಿಗೆ ಅಷ್ಟೆಲ್ಲ ತಿಳಿಯುವುದಿಲ್ಲ ಅಂದರು. ಪ್ರಾಯಶ್ಚಿತ್ತಕ್ಕೆ ಮೂರು ಜಪ ಕೊಟ್ಟರು. ಹೋದ ವರ್ಷ ಬೀಗಿತ್ತಿಯ ಮೇಲೆ ಹರಿಹಾಯ್ದದ್ದಕ್ಕೆ ಐದು ಕೊಟ್ಟಿದ್ದರು.

ಮೂರೂ ಹೇಳಿ ಮುಗಿಸಿದೆ. ಏನೂ ಇಳಿಯಲಿಲ್ಲ.

ಏಪ್ರಿಲ್ 22

ಜಿನೀವಾದಲ್ಲಿ ಮನೆಗೆಲಸಕ್ಕಿರುವ ತಂಗಿ ರೋಸಿನ್‌ಗೆ ಕಾಗದ ಬರೆದೆ. ಹಿಮ ಕರಗಿತು, ಕ್ಲೆಮಾನ್ಸ್ ಬಸುರಿ, ಆಡು ಎರಡು ಮರಿ ಹಾಕಿತು. ಸೆರಾಫಿನ್ ಚೆನ್ನಾಗಿದ್ದಾನೆ ಎಂದು ಬರೆದೆ. ಎಲ್ಲಿದ್ದಾನೆ ಎಂದು ಬರೆಯಲಿಲ್ಲ. ಸಿಸ್ಟರ್‌ಗಳು ಸ್ವಲ್ಪ ಕಾಲ ಬರಬೇಡಿ, ಒಗ್ಗಿಕೊಳ್ಳಲಿ ಅಂದಿದ್ದಾರೆ. ಆ ಮಾತನ್ನು ಹಿಡಿದುಕೊಂಡು ಕೂತಿದ್ದೇನೆ. ಹೋಗದಿರಲು ಒಳ್ಳೆಯ ನೆಪ.

ಮೇ 17, ಭಾನುವಾರ

ಡಾಕ್ಟರ್ ಬೆಸ್ಸೆ ಬಂದಿದ್ದರು, ಹೇಸರಗತ್ತೆಯ ಎರಡೂ ಕಡೆ ಉಪ್ಪಿನ ಮೂಟೆ. ಊರ ಹಾಲಿನ ಡೈರಿಯಲ್ಲಿ ಸಭೆ. ಹೊಸ ಉಪ್ಪಂತೆ, ಅದರಲ್ಲಿ ಚಿಟಿಕೆ ಅಯೋಡಿನ್. ನಮ್ಮ ನೀರಿನಲ್ಲಿ, ಮಣ್ಣಿನಲ್ಲಿ ಅದು ಇಲ್ಲ. ಅದಕ್ಕೇ ಊರಲ್ಲಿ ಅರ್ಧ ಜನಕ್ಕೆ ಕುತ್ತಿಗೆ ಗಡ್ಡೆ. ಬಸುರಿಗೆ ಸಾಲದೆ ಹೋದರೆ ಹೊಟ್ಟೆಯಲ್ಲಿರುವ ಮಗು ಬೆಳೆಯುವುದಿಲ್ಲ — ಮೈಯೂ, ಬುದ್ಧಿಯೂ.

ಗಂಡಸರು ಚೀಸ್ ಕೆಡುತ್ತದೆ ಅಂದರು. ಮುದುಕ ಬಾಸಿಲ್ — ಮೇಲಿನ ಹುಲ್ಲುಗಾವಲಿನ ಯಜಮಾನ — ಎದ್ದು ನಿಂತು ತನ್ನ ಗಡ್ಡೆ ತಟ್ಟಿಕೊಂಡ. “ಇದು ಕರಗಿ ಹೋದ್ರೆ ಕಾಲರ್ ಸಡಿಲಾಗುತ್ತೆ ಡಾಕ್ಟ್ರೇ. ಹೊಸ ಅಂಗಿ ಯಾರು ಕೊಡಿಸ್ತಾರೆ?” ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಸಭೆ ಮುಗಿದ ಮೇಲೆ ಮನೆಗೆ ಬಂದರು. ಹಾಗಾದರೆ ನೋಡುವುದರಿಂದ ಏನೂ ಆಗುವುದಿಲ್ಲವೇ ಎಂದು ಕೇಳಿದೆ. ನೋಡುವುದರಿಂದ ಏನೂ ಇಲ್ಲ ಅಂದರು. ನಮ್ಮಮ್ಮ ಯಾರನ್ನೂ ನೋಡಿ ಇವನನ್ನು ಹೆತ್ತದ್ದಲ್ಲ. ಹಾಗಾದರೆ ಇವನನ್ನು ಕಳಿಸಿದ್ದು — ಅಂದೆ. ಡಾಕ್ಟರು ಲೋಟ ಕೆಳಗಿಟ್ಟರು. ಆಗಲೇ ಹೇಳಬೇಕಿತ್ತು, ಬಸುರಿಗಾಗಿ ಕಳಿಸುತ್ತಿದ್ದೀರಿ ಎಂದು ನನಗೆ ಹೇಳಲಿಲ್ಲವಲ್ಲ ಅಂದರು. ನಿಜ. ನಾನು ಹೇಳಿರಲಿಲ್ಲ. ವಯಸ್ಸಾಯಿತು, ನೋಡಿಕೊಳ್ಳಲಾಗದು ಅಂದಿದ್ದೆ.

ಆಮೇಲೆ ಅವರೇ ಅಂದರು, ನೀವು ಕೇಳಿದ ಮಾತಿನ ಅರ್ಥ ಸಿಕ್ಕಿತು ಎಂದು. ಲೊಸಾನ್‌ನಲ್ಲಿ ಹಳೆಯ ಭಾಷೆ ಬಲ್ಲ ಮೇಷ್ಟ್ರನ್ನು ಕೇಳಿದರಂತೆ. ಹಳೆಯ ಭಾಷೆಯಲ್ಲಿ ಕ್ರೇತಾ ಎಂದರೆ ಸೀಮೆಸುಣ್ಣ, ಅದರಂತೆ ಬಿಳಿಚಿಕೊಂಡವರು, ಅದಕ್ಕೇ ಈ ಹೆಸರು ಅನ್ನುವವರೂ ಇದ್ದಾರಂತೆ. ಆದರೆ ಮೇಷ್ಟ್ರ ಮಾತು ಬೇರೆ.

“ಅದು ಪುಸ್ತಕದಿಂದ ನಿಮ್ಮೂರಿಗೆ ಬಂದ ಮಾತಲ್ಲ ಲುಡಿವೀನಮ್ಮ. ನಿಮ್ಮ ಬೆಟ್ಟಗಳಿಂದ ಪುಸ್ತಕಕ್ಕೆ ಹೋದದ್ದು. ಕ್ರೆತ್ಯಾಂ ಅನ್ನೋದನ್ನೇ ಹಿಂದಿನೋರು ತಮ್ಮ ನುಡಿಯಲ್ಲಿ ಕ್ರೆತಾಂ ಅಂತಿದ್ರು. ಕ್ರಿಸ್ತನಿಗೆ ಸೇರಿದೋನು. ಅಂದ್ರೆ ಮನುಷ್ಯ. ಇದು ಪ್ರಾಣಿ ಅಲ್ಲ, ಇವನೂ ನಮ್ಮ ಹಾಗೇ ಒಬ್ಬ ಮನುಷ್ಯ ಅಂತ ಹೇಳೋಕೆ ಇಟ್ಟ ಹೆಸರು.”

ಲೋಟ ತೊಳೆಯಲು ಎದ್ದೆ, ತೊಳೆದದ್ದನ್ನೇ ತೊಳೆದೆ.

ಅಜ್ಜಿ ನೆನಪಾದಳು. ಸೂಪು ಬಡಿಸುವಾಗ ಮೊದಲ ಸೌಟು ಸೆರಾಫಿನ್‌ಗೆ. ನಾವು ಮುನಿಸಿಕೊಂಡರೆ ‘ಅವನೂ ಕ್ರೆತ್ಯಾಂ ಕಣ್ರೇ’ ಅನ್ನುತ್ತಿದ್ದಳು. ಓದು ಬಾರದ ಹೆಂಗಸು. ಅವಳ ಬಾಯಲ್ಲಿ ಊಟಕ್ಕೆ ಕರೆಯುತ್ತಿದ್ದ ಮಾತು ಅದು. ಅದೇ ಮಾತನ್ನು ಕಾಗದದ ಮೇಲೆ ಕಂಡು ಅವಮಾನಪಟ್ಟವಳು ನಾನು. ಅದೇ ಕಾಗದ ಹಿಡಿದು ಅವನನ್ನು ಮನೆಯಿಂದ ಸಾಗಿಸಿದವಳೂ ನಾನೇ.

ಮೇ 18

ಕ್ಲೆಮಾನ್ಸ್‌ಗೆ ಹೇಳಿದೆ. ಉಪ್ಪಿನ ಕತೆ ಎಲ್ಲ. ಕರೆದುಕೊಂಡು ಬರುತ್ತೇನೆ ಅಂದೆ. ಅವಳು ಆಲೂಗಡ್ಡೆ ನೆಡುತ್ತಿದ್ದಳು, ನೆಟ್ಟಗಾದಳು.

“ಹೋದ ಸಲ ಮಗು ಹೋದಾಗ್ಲೂ ಡಾಕ್ಟ್ರು ಬಂದಿದ್ರು ದೊಡ್ಡಮ್ಮ. ದೇವರಿಚ್ಛೆ ಅಂದ್ರು. ಈಗ ಉಪ್ಪು ಅಂತಾರೆ. ನಾಳೆ ಇನ್ನೇನಂತಾರೋ. ಮಾವ ಅಂದ್ರೆ ನಂಗೆ ಪ್ರಾಣ, ನಿಂಗೊತ್ತು. ಹೊಸ ಉಪ್ಪು ತಿನ್ನು ಅಂದ್ರೆ ತಿಂತೀನಿ. ಆದ್ರೆ ಹೆರಿಗೆ ಆಗೋವರೆಗೂ ಬೇಡ. ಕೈ ಮುಗೀತೀನಿ.”

ಮಣ್ಣು ಮೆತ್ತಿದ ಕೈ ಮುಗಿದಳು. ಸಾಕಿದ ಇಬ್ಬರಲ್ಲಿ ಒಬ್ಬರ ಕಣ್ಣೀರು ನನ್ನ ಮುಂದಿದೆ, ಇನ್ನೊಬ್ಬರದು ಕಾಣಿಸುವುದಿಲ್ಲ. ಮುಂದಿದ್ದವರೇ ಗೆದ್ದರು.

ಇವತ್ತಿನಿಂದ ಅಡುಗೆಗೆ ಹೊಸ ಉಪ್ಪು. ರುಚಿ ಅದೇ. ರೆಮಿ ಮೂಸಿ ನೋಡಿದ, ಸಮುದ್ರದ ವಾಸನೆ ಅಂದ. ಸಮುದ್ರ ಕಂಡಿದ್ದಾನೆ ಪಾಪ.

ಜೂನ್ 17

ಬಾಸಿಲ್ ಬಂದಿದ್ದ. ಹಬ್ಬದ ಹ್ಯಾಟು ಕೈಯಲ್ಲಿ. ಶನಿವಾರ ಹಸುಗಳು ಮೇಲೆ ಹೊರಡುತ್ತವೆ, ಉಪ್ಪು ಕೊಡಲು ಸೆರಾಫಿನ್ ಬೇಕಂತೆ. ರೈಲಿಗೆ ಜನ ಕಳಿಸುತ್ತಾರಂತೆ.

“ಒಂದೇ ದಿನ ಅಕ್ಕಾ. ಸಂಜೆಗೆ ವಾಪಸ್ ಬಿಟ್ಟು ಬರ್ತೀವಿ. ದಾರೀಲಿ ನಿಮ್ಮ ಮನೆ ಕಡೆ ತರಲ್ಲ, ಕ್ಲೆಮಾನ್ಸ್ ಕಣ್ಣಿಗೆ ಬೀಳಲ್ಲ.”

“ಅವನೇನು ಹೇಸರಗತ್ತೇನಾ ಬಾಸಿಲ್, ದಿನದ ಮಟ್ಟಿಗೆ ಕೇಳಿಕೊಂಡು ಹೋಗೋಕೆ?”

“ಬಿಟ್ಟು ಬಂದೋರು ನೀವಲ್ವಾ ಅಕ್ಕಾ, ನಾವಲ್ಲವಲ್ಲ.”

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಇದ್ದದ್ದು ಅಂದ. ಇಲ್ಲ ಎಂದು ಹೇಳಿ ಕಳಿಸಿದೆ.

ಜೂನ್ 20, ಶನಿವಾರ

ಹಸುಗಳು ಹೋದವು. ಗಂಟೆಗಳ ಸದ್ದಿಗೆ ಇಡೀ ಕಣಿವೆ ತುಂಬಿತು. ಮೇಲೆ ಎಂದಿನಂತೆ ಮಂದೆಗೆ ಮುಂದಾಳು ಯಾರೆಂದು ಕೊಂಬಿಗೆ ಕೊಂಬು ಕೊಟ್ಟು ಕಾದಾಡಿದವಂತೆ, ಅಲ್ಫೋನ್ಸಿನ್‌ಳ ಕಪ್ಪು ಹಸು ಸೋತು ಓಡಿತಂತೆ. ಉಪ್ಪು ಇಲ್ಲದ್ದಕ್ಕೇ ಅಂದಳಂತೆ. ನನಗೆ ಒಂದು ಗಳಿಗೆ ಖುಷಿಯಾಯಿತು. ಆಮೇಲೆ ನಾಚಿಕೆ. ಅವನು ಅಲ್ಲಿ ಹೇಗಿದ್ದಾನೋ, ನಾನಿಲ್ಲಿ ಹಸುವಿನ ಸೋಲಿಗೆ ಹಿಗ್ಗುತ್ತಿದ್ದೇನೆ.

ಜೂನ್ 28, ಭಾನುವಾರ

ಹೋಗಿದ್ದೆ. ಸಿಸ್ಟರ್ ಬೇಡ ಅಂದಿದ್ದರೂ ಹೋದೆ.

ಅಂಗಳದಲ್ಲಿ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಇವನು ಕೊನೆಯಲ್ಲಿ. ಇಳಿದುಹೋಗಿದ್ದಾನೆ. ಕೋಟು ಗೂಟಕ್ಕೆ ತಗುಲಿ ಹಾಕಿದ ಹಾಗಿದೆ. ‘ಸೆರಾಫಿನ್’ ಅಂದೆ. ನೋಡಿದ. ಗುರುತು ಹಿಡಿದ, ಖಂಡಿತ ಹಿಡಿದ. ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಹತ್ತಿರ ಹೋಗಿ ಕೈ ನೀಡಿದೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

ಅವನಿಗೆ ಅಷ್ಟೆಲ್ಲ ತಿಳಿಯುವುದಿಲ್ಲ ಅಂದಿದ್ದರು ಪಾದ್ರಿಗಳು.

ಬಂದಾಗಿನಿಂದ ಊಟ ಅಷ್ಟಕ್ಕಷ್ಟೇ ಅಂದರು ಸಿಸ್ಟರ್ ಮಾರ್ಥಾ. ಮೊದಮೊದಲು ಅಡುಗೆಮನೆ ಬಾಗಿಲ ಹತ್ತಿರವೇ ಕೂರುತ್ತಿದ್ದನಂತೆ, ಬೆಳಗಿನಿಂದ ಸಂಜೆವರೆಗೆ. ನಾನು ಹೊರಟ ಬಾಗಿಲು. ನೋಡಿಬಿಟ್ಟಿದ್ದನೇ ಹಾಗಾದರೆ? ಈಗ ಅದೂ ಇಲ್ಲವಂತೆ.

ಕರೆತರಲಿಲ್ಲ. ಹೆರಿಗೆ ಆಗಲಿ ಅಂದುಕೊಂಡೆ. ಮತ್ತೆ.

ಆಗಸ್ಟ್ 15

ಮೇರಿಯಮ್ಮನ ಹಬ್ಬ. ಬರೆಯಲು ಏನೂ ಇಲ್ಲ. ಹುಲ್ಲು ಕೊಯ್ದದ್ದಾಯಿತು. ಕ್ಲೆಮಾನ್ಸ್‌ಳ ಕಾಲು ಊದಿದೆ. ಸೆರಾಫಿನ್ ಜ್ವರದಿಂದ ಎದ್ದ ಎಂದು ಸಿಸ್ಟರ್ ಕಾರ್ಡು ಬಂತು. ಬಿದ್ದದ್ದೇ ತಿಳಿದಿರಲಿಲ್ಲ.

ಸೆಪ್ಟೆಂಬರ್ 9, ಬೆಳಿಗ್ಗೆ ಆರು

ಹೆಣ್ಣು ಮಗು. ಅತ್ತಳು. ನಾನೂ ಅಲ್ಫೋನ್ಸಿನ್ನೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತೆವು, ಆಮೇಲೆ ಯಾರು ಮೊದಲು ತಬ್ಬಿದ್ದು ಎಂದು ಇಬ್ಬರಿಗೂ ಮುಜುಗರ.

ಡಾಕ್ಟರು ಬಂದು ನೋಡಿದರು. ಧ್ವನಿ ಚೆನ್ನಾಗಿದೆ, ನಾಲಿಗೆ ಚೆನ್ನಾಗಿದೆ. ಉಳಿದದ್ದು ತಿಂಗಳುಗಳು ಕಳೆದ ಮೇಲೆ ಗೊತ್ತಾಗಬೇಕು ಅಂದರು. ಉಪ್ಪು ಶುರುವಾದದ್ದು ತಡವಾಯಿತು, ಆದರೂ ಇಲ್ಲದ್ದಕ್ಕಿಂತ ಮೇಲು. ಸುಳ್ಳು ಧೈರ್ಯ ಹೇಳುವವರಲ್ಲ.

ಸೆಪ್ಟೆಂಬರ್ 13, ಭಾನುವಾರ

ಎಲ್ಲರೂ ಜ್ಞಾನಸ್ನಾನಕ್ಕೆಂದು ಚರ್ಚಿಗೆ ಹೋಗಿ ಬಂದೆವು. ಕ್ಲೆಮಾನ್ಸ್ ಮಾತ್ರ ಮನೆಯಲ್ಲೇ, ಬಾಣಂತಿ. ನೀರು ಬಿದ್ದಾಗ ಮಗು ಅಳಲಿಲ್ಲ, ಕಣ್ಣು ಪಿಳಿಪಿಳಿ ಬಿಟ್ಟಿತು. ಈಗ ಇವಳೂ ಒಬ್ಬ ಕ್ರೆತ್ಯಾಂ ಅಂದರು ಪಾದ್ರಿಗಳು, ಎಲ್ಲ ಮಕ್ಕಳಿಗೂ ಅನ್ನುವ ಹಾಗೆ.

ಮಗುವನ್ನು ತಂದು ತಾಯಿಯ ಮಡಿಲಿಗೆ ಹಾಕಿದೆ. ಅಲ್ಫೋನ್ಸಿನ್ ದೀಪದ ಹತ್ತಿರ ಹಿಡಿದು ಕುತ್ತಿಗೆ ನೋಡಬೇಕು ಅಂದಳು. ನಾಲ್ಕು ದಿನದಿಂದ ಅದೇ ಕೆಲಸ ಅವಳಿಗೆ. ನನಗೂ ಅದೇ ಆಸೆ, ಸುಮ್ಮನಿದ್ದೆ ಅಷ್ಟೇ. ಕ್ಲೆಮಾನ್ಸ್ ಕೊಡಲಿಲ್ಲ. ಅತ್ತೆ ಹೊರಗೆ ಹೋದ ಮೇಲೆ ನನ್ನ ಕಡೆ ತಿರುಗಿದಳು. ಧ್ವನಿ ಏರಿಸಲಿಲ್ಲ.

“ದೊಡ್ಡಮ್ಮ, ಇವಳು ಹಾಗೇ ಆಗಿದ್ರೆ... ಇವಳನ್ನೂ ಕೆಳಗೆ ಬಿಟ್ಟು ಬರ್ತೀಯಾ?”

“ಏನು ಮಾತು ಅಂತ ಆಡ್ತೀಯೇ.”

“ಮಾವ ಬರೋದು ಬೇಡ ಅಂದೋಳು ನಾನೇ. ನಿನ್ನ ದೂರ್ತಿಲ್ಲ. ನಂದೇ ತಪ್ಪು. ಆದ್ರೆ ನೀನು ಒಪ್ಪಿದೆ. ಅಷ್ಟು ಬೇಗ ಒಪ್ಪಿದೆ. ಇವಳನ್ನ ಎತ್ಕೊಂಡಾಗೆಲ್ಲ ಅದೇ ನೆನಪಾಗುತ್ತೆ.”

ಮಗುವನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು. ನನ್ನಿಂದ ಆಚೆಯ ಮಗ್ಗುಲಿಗೆ.

ನಾಳೆ ಮೊದಲ ರೈಲು.

ಸೆಪ್ಟೆಂಬರ್ 14, ಸಿಸ್ಟರ್‌ಗಳ ಮನೆ

ಬಂದೆ. ಗೋಡೆಗೆ ಮುಖ ಮಾಡಿದ, ಹೋದ ಸಲದಂತೆಯೇ. ಎಳೆದೊಯ್ಯಲು ಇಬ್ಬರು ಆಳು ಕೊಡುತ್ತೇವೆ ಅಂದರು. ಬೇಡ ಅಂದೆ. ಉಪ್ಪಿನ ಆಸೆ ತೋರಿಸಿ ಅಂದರು ಸಿಸ್ಟರ್ ಮಾರ್ಥಾ, ಮಾರ್ಚಿನಲ್ಲಿ ನೋಡಿದ್ದರಲ್ಲ. ಅದಂತೂ ಸತ್ತರೂ ಆಗದು.

ಅವನಾಗಿ ಬರುವವರೆಗೆ ಇರುತ್ತೇನೆ ಅಂದೆ. ಬರದಿದ್ದರೆ? ಇಲ್ಲೇ ಇರುತ್ತೇನೆ. ಕೆಲಸ ಕೊಡಿ.

ಆಲೂಗಡ್ಡೆ ಸಿಪ್ಪೆ ತೆಗೆಯುವ ಕೆಲಸ ಕೊಟ್ಟರು. ರಾಶಿ ನೋಡಿದರೆ ಬೆಟ್ಟವೇ ಚಿಕ್ಕದು.

ಸೆಪ್ಟೆಂಬರ್ 15

ಸಿಸ್ಟರ್ ಮಾರ್ಥಾ ‘ನಮ್ಮ ಕ್ರೆತಾಂಗಳು’ ಅನ್ನುತ್ತಾರೆ, ನಮ್ಮ ಕೋಳಿಗಳು ಅಂದಷ್ಟೇ ಪ್ರೀತಿಯಿಂದ. ಅದರ ಅರ್ಥ ಏನೆಂದು ಡಾಕ್ಟರು ತಿಳಿದುಕೊಂಡು ಬಂದದ್ದು ಹೇಳಿದೆ. ಸೌಟು ಹಿಡಿದು ನಿಂತರು.

“ಹಾಗಾದ್ರೆ ನಾನು ಯಾರು? ಇಪ್ಪತ್ತು ವರ್ಷದಿಂದ ಅವರು, ನಾವು ಅಂತ ಬೇರೆ ಬೇರೆ ಬಡಿಸ್ತಾ ಇದ್ದೀನಲ್ಲ.”

ಸೂಪಿನ ಪಾತ್ರೆ ಒಂದೇ, ಬೇರೆ ಬಡಿಸಿದರೇನು ಅಂದೆ. ಮಧ್ಯಾಹ್ನ ಸಿಸ್ಟರ್ ತಮ್ಮ ತಟ್ಟೆ ತಂದು ಅವರೆಲ್ಲ ಉಣ್ಣುವ ಉದ್ದ ಮೇಜಿನಲ್ಲೇ ಕೂತು ಉಂಡರು.

ಸೆರಾಫಿನ್ ಗೋಡೆ ಬಿಟ್ಟು ತಿರುಗಿದ್ದಾನೆ. ನಾನು ಅವನ ಕಡೆ ನೋಡಿದರೆ ಮತ್ತೆ ಗೋಡೆ. ನೋಡದಿದ್ದರೆ ನನ್ನನ್ನೇ ನೋಡುತ್ತಾನೆ. ಕಿಟಕಿಯ ಗಾಜಿನಲ್ಲಿ ಕಂಡಿತು.

ಸೆಪ್ಟೆಂಬರ್ 16

ನಾನೇನು ಹೇಳಿದರೂ ಅವನಿಗೆ ಕೇಳಿಸದು. ಕ್ಷಮಿಸು ಅನ್ನುವುದು ಅವನ ಮಾತುಗಳಲ್ಲಿಲ್ಲ, ಹೇಳಿದರೂ ವ್ಯರ್ಥ. ನನ್ನ ಸಮಾಧಾನಕ್ಕೆ ಒಂದು ಮಾತೂ ಉಳಿದಿಲ್ಲ. ಕೂತಿರುವುದೊಂದೇ ಉಳಿದದ್ದು. ಕೂತಿದ್ದೇನೆ, ಎಲ್ಲಿಗೂ ಹೋಗದೆ. ಅದನ್ನು ಅವನು ದಿನಾ ಪರೀಕ್ಷೆ ಮಾಡುತ್ತಿದ್ದಾನೆ: ಹೊರಗೆ ಹೋಗುತ್ತಾನೆ, ಸ್ವಲ್ಪ ಹೊತ್ತಿಗೆ ಬಾಗಿಲಿನಿಂದ ಇಣುಕುತ್ತಾನೆ, ಇದ್ದೇನೆಯೇ ಅಂತ. ಇದ್ದೇನೆ.

ಸೆಪ್ಟೆಂಬರ್ 18, ಹಗಲು ಹನ್ನೊಂದು, ಅಡುಗೆಮನೆ ಬೆಂಚು

ಬುಟ್ಟಿ ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ. ಬಾಗಿಲಲ್ಲಿ ನಿಂತಿದ್ದಾನೆ. ತಲೆ ಎತ್ತಬಾರದು. ಬರೆಯುತ್ತಲೇ ಇರಬೇಕು, ಏನಾದರೂ ಸರಿ. ಸಿಸ್ಟರ್ ಮಾರ್ಥಾ ಈರುಳ್ಳಿ ಹೆಚ್ಚುತ್ತಿದ್ದಾರೆ, ಮೂಗು ಒರೆಸಿಕೊಳ್ಳುತ್ತಿದ್ದಾರೆ. ಹೊರಗೆ ಬಿಸಿಲು. ರೋನ್ ನದಿಯ ಸದ್ದು.

ಒಳಗೆ ಬಂದ. ಬೆಂಚಿನ ಆ ತುದಿಗೆ ಕೂತ. ನೋಡುತ್ತಿಲ್ಲ ನಾನು. ಒಂದು ಆಲೂಗಡ್ಡೆ ಎತ್ತಿಕೊಂಡ, ಮಣ್ಣು ಒರೆಸುತ್ತಿದ್ದಾನೆ, ಅಂಗಿಗೇ. ಈ ಕಡೆ ಸರಿದ. ಇನ್ನೂ ಸ್ವಲ್ಪ. ಕೆಮ್ಮಿದ. ಅದೇ ಕೆಮ್ಮು. ಸಿಸ್ಟರ್ ಕೈ ನಿಲ್ಲಿಸಿದ್ದಾರೆ, ಏನೂ ಅನ್ನಬೇಡಿ ಸಿಸ್ಟರ್, ಒಂದು ಮಾತೂ ಬೇಡ. ನನ್ನ ಈ ಪೆನ್ಸಿಲನ್ನು ನೋಡುತ್ತಿದ್ದಾನೆ, ಅದು ಓಡುವುದನ್ನು. ಈಗ ಅವನ ಬೆರಳು ಪುಟದ ಅಂಚಿಗೆ ಬಂತು, ಇನ್ನು ನಾನು ಬರೆಯಲು —